ಅವಳಿಗೇನು, ಚೆನ್ನಾಗಿದ್ದಾಳೆ

ಪ್ರೀತಿಯ ರಾಘು,

ಕಳೆದ ಭಾನುವಾರ ನೀನು ಫೋನು ಮಾಡಿದಾಗ ನಾನು ಅರ್ಧ ಗಂಟೆ ಮಗ ಪುಟ್ಟನ ವಿಷಯವನ್ನೇ ಹೇಳಿದೆ. ಬಿಳಿ ರಕ್ತಕಣ ಎಷ್ಟು, ಪ್ಲೇಟ್‌ಲೆಟ್ ಎಷ್ಟು, ಬೆನ್ನಿನ ಇಂಜೆಕ್ಷನ್ ಮುಂದೆ ಯಾವಾಗ ಎಂಬುದನ್ನೆಲ್ಲ ನೀನು ಕೇಳುವ ಮೊದಲೇ ಒಪ್ಪಿಸಿದೆ. ಕೊನೆಯಲ್ಲಿ ನೀನು "ಮಗಳು ಹೇಗಿದ್ದಾಳೋ?" ಎಂದಾಗ, "ಅವಳಿಗೇನು, ಚೆನ್ನಾಗಿದ್ದಾಳೆ" ಎಂದು ಫೋನಿಟ್ಟೆ. ಆ ಮಾತು ಸುಳ್ಳೆಂದು ನನಗೆ ತಿಳಿದದ್ದು ಬುಧವಾರ ರಾತ್ರಿ. ಈ ಪತ್ರ ನಿನಗೇ ಬರೆದದ್ದು. ಆದರೂ ನಮ್ಮಂತೆ ಆಸ್ಪತ್ರೆಯ ಫೈಲು ಹಿಡಿದು ಓಡಾಡುವ ಅಪ್ಪ ಅಮ್ಮಂದಿರ ಕಣ್ಣಿಗೂ ಬೀಳಲಿ ಎಂದು ಎಲ್ಲರೆದುರು ಇಡುತ್ತಿದ್ದೇನೆ.

ಪುಟ್ಟನದು ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ, ಮಕ್ಕಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಕ್ಯಾನ್ಸರ್. ಹೆಚ್ಚಿನ ಮಕ್ಕಳು ಗುಣವಾಗುತ್ತಾರೆ, ಆದರೆ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಮೊದಲ ತಿಂಗಳು ಕೊಟ್ಟ ಸ್ಟಿರಾಯ್ಡ್ ಹಸಿವನ್ನು ಎಷ್ಟು ಕೆರಳಿಸಿತ್ತೆಂದರೆ, ಅವನು ರಾತ್ರಿ ಎರಡೂವರೆಗೆ ಎದ್ದು ಬಿಸಿ ಅನ್ನ ಸಾರು ಬೇಕೆಂದು ಅಳುತ್ತಿದ್ದ, ಆ ಹೊತ್ತಿನಲ್ಲಿ ಹನುಮಂತನಗರದ ನಮ್ಮ ಬೀದಿಯಲ್ಲಿ ಕೂಗುತ್ತಿದ್ದದ್ದು ನಮ್ಮ ಮನೆಯ ಕುಕ್ಕರೊಂದೇ. ಮಗಳು ಅಡುಗೆಮನೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, ಏನನ್ನೂ ಕೇಳದೆ ಹೋಗಿ ಮಲಗುತ್ತಿದ್ದಳು. ಹತ್ತು ವರ್ಷಕ್ಕೇ ಎಷ್ಟು ತಿಳಿವಳಿಕೆ ಎಂದು ನಾನೂ ನನ್ನ ಹೆಂಡತಿಯೂ ಮೆಚ್ಚಿಕೊಂಡೆವು. ನಾವಿಬ್ಬರು ಮೆಚ್ಚಿ ಆಡಿದ ಮಾತು ಆಗ ಅದೊಂದೇ ಇದ್ದೀತು, ಮಿಕ್ಕದ್ದೆಲ್ಲ ಫ್ರಿಜ್ಜಿಗೆ ಅಂಟಿಸಿದ ಮಾತ್ರೆಗಳ ಚೀಟಿಯ ಸುತ್ತಲೇ ಸುತ್ತುತ್ತಿತ್ತು.

ಕೀಮೋ ನಡೆಯುವಾಗ ರೋಗವನ್ನು ತಡೆಯುವ ಶಕ್ತಿ ಕುಗ್ಗಿರುತ್ತದೆ. ಅವನ ಮೈ 100.4 ಡಿಗ್ರಿ ಮುಟ್ಟಿತೆಂದರೆ ಮಧ್ಯರಾತ್ರಿಯಾದರೂ ಡೈರಿ ಸರ್ಕಲ್ ದಾಟಿ ಆಸ್ಪತ್ರೆ ಸೇರಲೇಬೇಕು. ಹಾಗಾಗಿ ಮನೆಯಲ್ಲಿ ಯಾರಿಗೆ ನೆಗಡಿಯಾದರೂ ಅವರು ಅವನಿಂದ ದೂರವಿರಬೇಕು. ಜೂನ್‌ನಲ್ಲಿ ಮಗಳ ತರಗತಿಯ ಹುಡುಗಿಯೊಬ್ಬಳಿಗೆ ಅಮ್ಮ ಎದ್ದಿತು. ಕೀಮೋದಲ್ಲಿರುವ ಮಗುವಿಗೆ ಸೀತಾಳೆ ಸಿಡುಬು ಪ್ರಾಣಕ್ಕೇ ಎರವಾಗಬಹುದಾದ್ದರಿಂದ, ಡಾಕ್ಟರು ಹೇಳಿದಂತೆ ಅವಳನ್ನು ಮೂರು ವಾರ ಮಲ್ಲೇಶ್ವರದ ಅಜ್ಜಿಯ ಮನೆಯಲ್ಲಿ ಬಿಟ್ಟೆವು. ಅವಳ ಮೈಮೇಲೆ ಒಂದು ಗುಳ್ಳೆಯೂ ಏಳಲಿಲ್ಲ.

ಶುಕ್ರವಾರ ರಾತ್ರಿ ನಾನು ಕೈಗವಸು ಹಾಕಿಕೊಂಡು ಪುಟ್ಟನ ಕೀಮೋ ಔಷಧಿಯಾದ ಮೆಥೊಟ್ರೆಕ್ಸೇಟಿನ ಸಣ್ಣ ಹಳದಿ ಮಾತ್ರೆಗಳನ್ನು ಬಟ್ಟಲಿಗೆ ಹಾಕುವಾಗ ದೂರ ನಿಂತು ಎಣಿಸುವವಳು ಅವಳೇ. ಒಮ್ಮೆ ಅವಳಿಗೆ ಆ ಮಾತ್ರೆಯ ಕತೆ ಹೇಳಿದೆ. 1895ರಲ್ಲಿ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದಲ್ಲಿ ನಡೆಸಿದ ಸಂಶೋಧನೆಯಿಂದ ಈ ಔಷಧಿ ಬಂತು, ಅವರ ತಂಡ ತಯಾರಿಸಿದ ಇದೇ ಬಗೆಯ ಔಷಧಿಯಿಂದ ಲ್ಯುಕೇಮಿಯಾ ಇದ್ದ ಮಕ್ಕಳು ಸ್ವಲ್ಪ ಕಾಲವಾದರೂ ಚೇತರಿಸಿಕೊಂಡದ್ದನ್ನು ಬಾಸ್ಟನ್ನಿನ ಸಿಡ್ನಿ ಫಾರ್ಬರ್ 1948ರಲ್ಲಿ ಪ್ರಕಟಿಸಿದರು, ಆ ಸುಬ್ಬರಾವ್ ಚಿಕ್ಕ ವಯಸ್ಸಿನಲ್ಲೇ ಒಡಹುಟ್ಟಿದವರನ್ನು ಕಾಯಿಲೆಯಲ್ಲಿ ಕಳೆದುಕೊಂಡಿದ್ದರು ಎಂದೆಲ್ಲ ವಿವರಿಸಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಅವರ ಮನೇಲಿ ಕಾಯಿಲೆ ಬಂದಾಗ ಅವರನ್ನ ಎಲ್ಲಿಗೆ ಕಳಿಸಿದ್ರು?" ನಾನು ನಕ್ಕೆ. ಜಾಣ ಪ್ರಶ್ನೆ ಎಂದು ಆಫೀಸಿನಲ್ಲಿ ನಾಲ್ಕು ಜನಕ್ಕೆ ಹೇಳಿದೆ ಕೂಡ.

ಬುಧವಾರ ರಾತ್ರಿ ನೋಡಿದರೆ ಅವಳು ಹಾಸಿಗೆಯಲ್ಲಿರಲಿಲ್ಲ. ಹಿಂದಿನ ಬಾಲ್ಕನಿಯಲ್ಲಿ, ವಾಷಿಂಗ್ ಮೆಷಿನ್ನಿನ ಪಕ್ಕ ಚಾಪೆ ಹಾಸಿಕೊಂಡು, ಮೂಗಿನ ಮೇಲೆ ಎರಡು ಮಾಸ್ಕು ಏರಿಸಿಕೊಂಡು ಮಲಗಿದ್ದಳು. ಹಣೆ ಮುಟ್ಟಿದರೆ ಕೆಂಡ. ಎರಡು ದಿನದಿಂದ ಜ್ವರವಿತ್ತಂತೆ. ನಮ್ಮ ಮನೆಯಲ್ಲಿ ಮಾಸ್ಕು ಹಾಕಿದವರನ್ನು ಯಾರೂ ಏಕೆಂದು ಕೇಳುವುದಿಲ್ಲವಲ್ಲ, ಹಾಗಾಗಿ ಗೊತ್ತಾಗಿರಲಿಲ್ಲ.

ರಾಘು, ಇದನ್ನು ಬರೆಯಬೇಕೆಂದು ಕೂತಿರಲಿಲ್ಲ. ಆ ಹಣೆಯಿಂದ ಕೈ ತೆಗೆದವನು ಮೊದಲು ಮಾಡಿದ ಕೆಲಸ ಕೈ ತೊಳೆದದ್ದು. ಆಮೇಲೆ ಥರ್ಮಾಮೀಟರನ್ನು ಒಯ್ದು ಇಟ್ಟದ್ದು ನಿದ್ದೆಯಲ್ಲಿದ್ದ ಪುಟ್ಟನ ಕಂಕುಳಿಗೆ. 98.2 ಎಂದು ನೋಡಿ ನೆಮ್ಮದಿಯಾದ ಮೇಲೆ ಅವಳ ಬಳಿ ಬಂದೆ. ಆಗಲೂ ನನ್ನ ಬಾಯಿಂದ ಹೊರಟ ಮೊದಲ ಮಾತು "ಅವನನ್ನ ಮುಟ್ಟಿದ್ಯಾ?" ಎಂಬುದು. "ಇಲ್ಲ ಅಪ್ಪ, ಮೊನ್ನೆಯಿಂದ ದೂರಾನೇ ಇದ್ದೀನಿ. ಅಜ್ಜಿ ಮನೆಗೆ ಕಳಿಸ್ಬೇಡ" ಎಂದಳು. ಅವಳ ಜ್ವರ 102 ಇತ್ತು. ಬೆಳಿಗ್ಗೆ ಏಳಕ್ಕೆ ಅವಳನ್ನು ಮಲ್ಲೇಶ್ವರಕ್ಕೇ ಕರೆದೊಯ್ದೆ. ಬೇರೆ ದಾರಿಯಿರಲಿಲ್ಲ. ಇಡೀ ದಾರಿ ಅವಳು ಮಾತಾಡಲಿಲ್ಲ, ಕಾರಿನ ಕಿಟಕಿಯನ್ನು ತಾನಾಗಿಯೇ ಪೂರ್ತಿ ಇಳಿಸಿಕೊಂಡು ಮುಖ ಹೊರಗೆ ಮಾಡಿ ಕೂತಿದ್ದಳು.

ಆಸ್ಪತ್ರೆಯ ಬೆಂಚಿನಲ್ಲಿ ಸಿಂಧನೂರಿನ ಹೆಣ್ಣುಮಗಳೊಬ್ಬಳು ಸಿಗುತ್ತಾಳೆ. ಆರು ತಿಂಗಳ ಕೂಸನ್ನು ತಂಗಿಯ ಬಳಿ ಬಿಟ್ಟು, ದೊಡ್ಡ ಮಗನೊಂದಿಗೆ ಬೆಂಗಳೂರಿಗೆ ಬಂದವಳು. ಫೋನಿನಲ್ಲಿ ಮುಖ ತೋರಿಸಿದರೆ ಕೂಸು ಈಗ ತಂಗಿಯನ್ನೇ ತಿರುಗಿ ನೋಡುತ್ತದಂತೆ. ಅವಳ ಮುಂದೆ ನಮ್ಮದೇನು ದೊಡ್ಡದು ಎಂದು ಸಮಾಧಾನ ಹೇಳಿಕೊಂಡದ್ದುಂಟು. ಮಲ್ಲೇಶ್ವರ ಹತ್ತಿರವೆಂದು ನಾನು ಅಂದುಕೊಂಡರೆ ಅದು ಮಗಳಿಗೆ ಹತ್ತಿರವಾಗುವುದಿಲ್ಲ.

ಸಾಕು, ಇಷ್ಟು ಹೇಳಿದ್ದೇ ಹೆಚ್ಚಾಯಿತು. ಜ್ವರ ಬಿಟ್ಟಿದೆ, ಕೆಮ್ಮು ನಿಂತರೆ ಸೋಮವಾರ ಮನೆಗೆ ಬರುತ್ತಾಳೆ. ನಿನ್ನೆ ಅವಳ ಸೈಕಲ್ಲನ್ನು ಮೆಟ್ಟಿಲ ಕೆಳಗಿನಿಂದ ಎಳೆದು ಒರೆಸಿದೆ. ಒಂದು ವರ್ಷದಲ್ಲಿ ಹುಡುಗಿ ಅಷ್ಟೆತ್ತರ ಬೆಳೆದಿದ್ದಾಳೆ, ಸೀಟು ಇನ್ನೂ ಹಳೆಯ ಎತ್ತರದಲ್ಲೇ ಇದೆ. ನಟ್ಟು ತುಕ್ಕು ಹಿಡಿದು ನನ್ನ ಸ್ಪ್ಯಾನರಿಗೆ ಜಗ್ಗುತ್ತಿಲ್ಲ. ಮುಂದಿನ ಭಾನುವಾರ ನಿನ್ನ ಪೆಟ್ಟಿಗೆ ತೆಗೆದುಕೊಂಡು ಬಾ, ಮೂವರೂ ಸೇರಿ ಬಿಚ್ಚೋಣ. ಪುಟ್ಟನನ್ನು ನೋಡಲು ಬಂದೆ ಎನ್ನಬೇಡ, ಅವಳ ಸೈಕಲ್ಲಿಗೆಂದೇ ಬಂದೆ ಎಂದು ಹೇಳು. ನೆಟ್ಟಕಲ್ಲಪ್ಪ ಸರ್ಕಲ್ಲಿನ ನಮ್ಮ ಬ್ರೇಕಿನ ಕತೆಯನ್ನೂ ಅವಳಿಗೆ ಹೇಳಬಹುದು, ಎಮ್ಮೆಯ ಭಾಗವನ್ನು ಮಾತ್ರ ನಾನೇ ಹೇಳುತ್ತೇನೆ.

ನಿನ್ನ ಗೆಳೆಯ