ಯಕ್ಷಗಾನ ಚೌಕಿಯ ವೇಷದ ಪೆಟ್ಟಿಗೆಯೂ ಪಠ್ಯವಾಗಲಿ

ಮಾನ್ಯ ಸಂಪಾದಕರೇ,

ದೂರದ ಊರಿನ ಕಲಾಶಾಲೆಯಲ್ಲಿ ವಸ್ತ್ರವಿನ್ಯಾಸ ಓದುತ್ತಿರುವ ನನ್ನ ಮಗಳು ರಜೆಗೆ ಬರುವಾಗ ಉಕ್ಕಿನ ಬಳೆಗಳನ್ನು ಬಟ್ಟೆಯ ಪಟ್ಟಿಗಳಿಗೆ ಹೊಲಿದ ಪಂಜರವೊಂದನ್ನು ತಂದಿದ್ದಳು. 1850ರ ದಶಕದಲ್ಲಿ ಯುರೋಪಿನ ಹೆಂಗಸರು ಲಂಗವನ್ನು ಗುಮ್ಮಟದಂತೆ ಉಬ್ಬಿಸಲು ಒಳಗೆ ತೊಡುತ್ತಿದ್ದ ಕ್ರಿನೊಲಿನ್‌ನ ಮಾದರಿ ಅದು. ಹಳೆಯ ಉಡುಪನ್ನು ಅಳೆದು, ಕಾಗದದಲ್ಲಿ ಕತ್ತರಿಸಿ, ಮತ್ತೆ ಹೊಲಿದು ನೋಡುವ ಈ ಕ್ರಮ ನಿಜಕ್ಕೂ ಒಳ್ಳೆಯದು. ಆದರೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲೇ ಬೆಳೆದ ಅವಳಿಗೆ, ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನ ವೇಷಕ್ಕೆ ಆ ಅಗಲ ಬರುವುದು ಸೊಂಟಕ್ಕೆ ಸುತ್ತುವ ಬಟ್ಟೆಯ ಪದರಗಳಾದ ಅಟ್ಟೆಗಳಿಂದ ಎಂಬುದನ್ನು ಹೇಳಿಕೊಟ್ಟವರಿಲ್ಲ. ಮೊನ್ನೆ ಕಲಾವಿದರು ವೇಷ ಕಟ್ಟಿಕೊಳ್ಳುವ ಚೌಕಿಯಲ್ಲಿ ಹಳೆಯ ಭುಜಕೀರ್ತಿಯೊಂದನ್ನು ಕೈಗೆತ್ತಿಕೊಂಡು ನೋಡಿದೆವು: ಹಗುರ ಮರದ ಮೇಲೆ ಬೇಗಡೆ, ಕನ್ನಡಿಯ ಚೂರು; ಹಿಂಬದಿಯಲ್ಲಿ ಬೆವರಿಗೆ ಕಪ್ಪಾದ ದಾರದ ಗಂಟು. ಆ ಗಂಟಿನ ಬಗೆ ಅದನ್ನು ಕಟ್ಟುವವರ ಬೆರಳುಗಳಿಗಷ್ಟೇ ಗೊತ್ತು.

ಕಣ್ಣೂರಿನಲ್ಲಿ 2008ರಿಂದ ನಿಫ್ಟ್ (ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ) ಕೇಂದ್ರವಿದೆ. ಭೌಗೋಳಿಕ ಸೂಚ್ಯಂಕ ಪಡೆದ ಕಾಸರಗೋಡು ಸೀರೆಯ ಮಗ್ಗಗಳು ನಮ್ಮಲ್ಲೇ ಇವೆ. ವಿನ್ಯಾಸ ಕಲಿಸುವ ಸಂಸ್ಥೆಗಳು ವೇಷಭೂಷಣ ತಯಾರಿಸುವವರನ್ನು ಗೌರವಧನ ಕೊಟ್ಟು ಪಾಠಕ್ಕೆ ಕರೆಯಲಿ. ವೇಷದ ಉಡುಪುಗಳಾದ ದಗಲೆ, ಬಾಲ್‌ಮುಂಡು, ಸೋಗವಲ್ಲಿಗಳ ಅಳತೆಯನ್ನು ಅವುಗಳ ಕನ್ನಡ ಹೆಸರಿನೊಂದಿಗೇ ದಾಖಲಿಸಲಿ.

— ಓದುಗರೊಬ್ಬರು, ಕುಂಬಳೆ