ಎರಡು ಬೆಂಕಿಗಳ ನಡುವೆ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

“ದೇವರು ಕ್ಷಮಿಸಿರಬಹುದಮ್ಮ, ನನ್ನನ್ನು ನಾನೇ ಕ್ಷಮಿಸಿಕೊಳ್ಳಲು ಆಗುತ್ತಿಲ್ಲ” ಎಂದು, ಗೆಳತಿಗೆ ಮಾಡಿದ ತಪ್ಪನ್ನು ನೆನೆದು ಮೊನ್ನೆ ಫೋನಿನಲ್ಲಿ ಅತ್ತಿದ್ದೆಯಲ್ಲ, ಆಗ ನನಗೆ ಉತ್ತರ ಹೊಳೆಯಲಿಲ್ಲ.

ನಿನಗೆ ಹೇಳದೆ ಉಳಿಸಿಕೊಂಡದ್ದೊಂದಿದೆ. ಆಸ್ತಿಯ ಜಗಳವಾದ ಮೇಲೆ ನಿನ್ನ ಸೋದರಮಾವನ ಜೊತೆ ಒಂಬತ್ತು ವರ್ಷ ಮಾತು ಬಿಟ್ಟಿದ್ದೆ. ಭಾನುವಾರದ ಆರಾಧನೆಯಲ್ಲಿ, ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಹೇಳುವಾಗ ‘ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ’ ಎಂಬಲ್ಲಿಗೆ ಬಂದರೆ ನನಗೆ ಕೆಮ್ಮು ಬರುತ್ತಿತ್ತು. ನಿಜವಾದ ಕೆಮ್ಮಲ್ಲ. ಆ ಸಾಲು ದಾಟಿದ ಮೇಲೆ ಮತ್ತೆ ಎಲ್ಲರ ದನಿಗೆ ದನಿ ಸೇರಿಸುತ್ತಿದ್ದೆ. ಅಣ್ಣ ಹಾಸಿಗೆ ಹಿಡಿದಾಗಲೂ ‘ಅವನೇ ಮೊದಲು ಕರೆಯಲಿ’ ಎಂದೆ. ಅವನು ಕರೆಯಲಿಲ್ಲ, ತೀರಿಕೊಂಡ.

ಆಮೇಲೆ ಎಷ್ಟೋ ದಿನ, ಹಣಕ್ಕಾಗಿ ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನ ಕಥೆಯನ್ನೇ ಓದುತ್ತಿದ್ದೆ. ಅವನೂ ಪಶ್ಚಾತ್ತಾಪಪಟ್ಟವನೇ. ಅದಕ್ಕೆ ಪಡೆದ 30 ಬೆಳ್ಳಿ ನಾಣ್ಯ ಹಿಂದಿರುಗಿಸಲು ಹೋದ, ಪಾಪ ಮಾಡಿದೆನೆಂದು ಬಾಯಿಬಿಟ್ಟು ಹೇಳಿದ. ಹೇಳಿದ್ದು ಯಾರಿಗೆ? ಮಹಾಯಾಜಕರಿಗೆ. ‘ಅದು ನಮಗೇನು? ನೀನೇ ನೋಡಿಕೋ’ ಎಂದುಬಿಟ್ಟರು. ಅವನು ಒಬ್ಬನೇ ಹೊರಟುಹೋದ.

ಇನ್ನೊಬ್ಬ ಶಿಷ್ಯ ಪೇತ್ರ, ಯೇಸುವನ್ನು ಬಂಧಿಸಿದ ರಾತ್ರಿ ‘ಅವನನ್ನು ನಾನರಿಯೆ’ ಎಂದು ಮೂರು ಸಲ ಹೇಳಿದ; ಆಗ ಇದ್ದಲಿನ ಬೆಂಕಿಯ ಬಳಿ ಚಳಿ ಕಾಯಿಸಿಕೊಳ್ಳುತ್ತಿದ್ದ. ಬಹಳ ವ್ಯಥೆಪಟ್ಟು ಅತ್ತ, ಆದರೆ ಜೊತೆಗಾರರನ್ನು ಬಿಟ್ಟುಹೋಗಲಿಲ್ಲ. ಬೈಬಲಿನಲ್ಲಿ ಯೋಹಾನನ ಸುವಾರ್ತೆಯ 21ನೆಯ ಅಧ್ಯಾಯ ತೆಗೆದು ನೋಡು: ಸಮುದ್ರದ ದಡದಲ್ಲಿ ಮತ್ತೆ ಇದ್ದಲಿನ ಬೆಂಕಿ. ಆ ಹೊಗೆ ಮೂಗಿಗೆ ಬಡಿದಾಗ ಅವನ ಎದೆ ಹೇಗೆ ಹೊಡೆದುಕೊಂಡಿತೋ! ಸತ್ತು ಜೀವಂತವಾಗಿ ಎದ್ದುಬಂದ ಯೇಸು ಮೊದಲು ರೊಟ್ಟಿ, ಮೀನು ಕೊಟ್ಟನು. ಊಟವಾದ ಮೇಲೆ ‘ನನ್ನನ್ನು ಪ್ರೀತಿಸುತ್ತೀಯಾ?’ ಎಂದು ಮೂರು ಸಲ ಕೇಳಿದನು. ಮೂರನೆಯ ಸಲಕ್ಕೆ ಪೇತ್ರ ದುಃಖಪಟ್ಟ ಎಂದಿದೆ. ಆ ನೋವನ್ನು ಆತನು ತಪ್ಪಿಸಲಿಲ್ಲ. ‘ನಿನ್ನನ್ನು ನೀನು ಕ್ಷಮಿಸಿಕೊಂಡೆಯಾ?’ ಎಂದು ಮಾತ್ರ ಕೇಳಲೇ ಇಲ್ಲ. ಕುರಿಗಳನ್ನು ಮೇಯಿಸು ಎಂದು ಕೆಲಸ ಒಪ್ಪಿಸಿದನು. ನಮ್ಮ ಕ್ಷಮೆಯ ತೀರ್ಪು ನಮ್ಮ ಕೈಯಲ್ಲಿಲ್ಲ ಎಂಬುದು ಆಗ ನನಗೆ ದೊಡ್ಡ ಬಿಡುಗಡೆಯಂತೆ ಕಂಡಿತು.

ಅಣ್ಣನಿಲ್ಲ, ಅತ್ತಿಗೆಯ ಮನೆಗೆ ಹೋದೆ. “ಈಗ ದಾರಿ ಸಿಕ್ಕಿತೇ?” ಎಂದರು. ಬಾಗಿಲಲ್ಲೇ ನಿಂತು ಹೇಳಬೇಕಾದದ್ದನ್ನು ಹೇಳಿ ಬಂದೆ. ಎರಡನೆಯ ಸಲ ಹೋದಾಗ “ಕುಳಿತುಕೋ” ಎಂದರು. ಅಷ್ಟೇ.

ನಿನ್ನ ಗೆಳತಿ ಬದುಕಿದ್ದಾಳೆ. ನೀನು ಫೋನ್ ಮಾಡಿದರೆ ಅವಳು ತೆಗೆಯದಿರಬಹುದು, ತೆಗೆದು ಬೈಯಬಹುದು. ಮಾಡುವ ಮೊದಲು ನನ್ನನ್ನು ಕರೆ, ಇಬ್ಬರೂ ಕರ್ತನ ಪ್ರಾರ್ಥನೆ ಹೇಳೋಣ. ಆ ಸಾಲಿನಲ್ಲಿ ಈಗಲೂ ನನ್ನ ದನಿ ಸ್ವಲ್ಪ ತಗ್ಗುತ್ತದೆ. ಕೆಮ್ಮುವುದಿಲ್ಲ.

ಇಂತಿ,
ನಿನ್ನ ಅಮ್ಮ