ಹೂ ಕಳಿಸಿದೆ, ಉತ್ತರ ಕಳಿಸಲಿಲ್ಲ

ಪ್ರೀತಿಯ ಗೆಳೆಯಾ,

ಕಳೆದ ವಾರ ನೀನು ಕೇಳಿದೆಯಲ್ಲ, "ಗುಲಾಬಿ, ದಾಸವಾಳ, ಸಂಪಿಗೆ ಎಲ್ಲ ಬಿಟ್ಟು ಕಳೆಗಿಡದ ಮೇಲೇ ಯಾಕೆ ಹಾಯ್ಕು ಬರೀತೀಯಾ" ಅಂತ. ಕೇಳಿದ್ದು ಒಂದೇ ಸಾಲು. ಉತ್ತರ ಮಾತ್ರ ಉದ್ದವಾಗುತ್ತಾ ಹೋಯಿತು, ಅದಕ್ಕೇ ಪತ್ರ. ಇದೇ ಪ್ರಶ್ನೆ ಇನ್ನೂ ಕೆಲವರು ಕೇಳಿದ್ದರು, ಹಾಗಾಗಿ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ನಿನಗೆ ಬೇಸರವಿಲ್ಲ ತಾನೇ? ಮೂರನೇ ಛತ್ರಿಯ ವಿಷಯ ಎತ್ತುವುದಿಲ್ಲ, ಹೆದರಬೇಡ.

ಗೊತ್ತಿಲ್ಲದವರಿಗೆ ಒಂದು ಮಾತು: ಹಾಯ್ಕು ಅಂದರೆ ಜಪಾನಿನಿಂದ ಬಂದ, ನಮ್ಮಲ್ಲಿ ಐದು-ಏಳು-ಐದು ಅಕ್ಷರದ ಲೆಕ್ಕದಲ್ಲಿ ಬರೆಯುವ ಮೂರು ಸಾಲಿನ ಪದ್ಯ. ಬಾಶೋನಿಂದ ಶುರು ಮಾಡುತ್ತೇನೆ. 1644ರಲ್ಲಿ ಹುಟ್ಟಿ 1694ರಲ್ಲಿ ತೀರಿಕೊಂಡ ಜಪಾನಿನ ಕವಿ. ಅವನ ಒಂದು ಹಾಯ್ಕುವಿನಲ್ಲಿ ಆಗುವುದು ಇಷ್ಟೇ: ಸರಿಯಾಗಿ ನೋಡಿದರೆ, ಬೇಲಿಯ ಬುಡದಲ್ಲಿ ನಝುನಾ ಹೂ ಬಿಟ್ಟಿದೆ. ಅಷ್ಟಕ್ಕೇ ಮುಗಿಯಿತು. ನಝುನಾ ಅಂದರೆ ಸಾಸಿವೆಯ ಕುಟುಂಬಕ್ಕೆ ಸೇರಿದ ಒಂದು ಸಣ್ಣ ಗಿಡ. ನಾಲ್ಕು ಬಿಳಿ ಎಸಳು, ಇಡೀ ಹೂ ಸೇರಿದರೂ ಕೆಲವೇ ಮಿಲಿಮೀಟರ್. ಜಪಾನಿನಲ್ಲಿ ಇದರ ಎಳೆಯ ಎಲೆಯನ್ನು ಜನವರಿ 7ರಂದು ಗಂಜಿಗೆ ಹಾಕುವ ರೂಢಿ ಇದೆ. ವಸಂತದ ಏಳು ಸೊಪ್ಪುಗಳಲ್ಲಿ ಇದೂ ಒಂದು. ಅಂದರೆ ಸೊಪ್ಪು ಎಲ್ಲರಿಗೂ ಗೊತ್ತಿತ್ತು. ಬಾಶೋ ನಿಂತದ್ದು ಹೂವಿನ ಮುಂದೆ.

ಆ ಪದ್ಯದಲ್ಲಿ ನನಗೆ ತುಂಬ ಇಷ್ಟವಾದದ್ದು "ಸರಿಯಾಗಿ ನೋಡಿದರೆ" ಅನ್ನುವ ಆರಂಭ. ಸಾಮಾನ್ಯವಾಗಿ ಹಾಯ್ಕು ಕಂಡದ್ದನ್ನು ನಮ್ಮ ಮುಂದಿಟ್ಟು ಸುಮ್ಮನಾಗುತ್ತದೆ. ಇಲ್ಲಿ ಕವಿ ನಿಂತದ್ದು, ಬಗ್ಗಿದ್ದು, ಕಣ್ಣು ಕಿರಿದು ಮಾಡಿದ್ದು ಎಲ್ಲ ಒಳಗೇ ಉಳಿದಿದೆ. ಓದುತ್ತಾ ನಮ್ಮ ಬೆನ್ನೂ ಸ್ವಲ್ಪ ಬಗ್ಗುತ್ತದೆ, ಅಲ್ವಾ?

ಅವನಿಗಿಂತ ಮೊದಲು ಜಪಾನಿನ ಆಸ್ಥಾನದ ಕಾವ್ಯದಲ್ಲಿ ಯಾವ ಹೂ ಬರಬೇಕು, ಎಲ್ಲಿ ಬರಬೇಕು ಅನ್ನುವುದಕ್ಕೆಲ್ಲ ಒಂದು ಕಟ್ಟಳೆ ಇತ್ತು. 1685ರಲ್ಲಿ ಬಾಶೋ ಬೆಟ್ಟದ ದಾರಿಯಲ್ಲಿ ನಡೆಯುವಾಗ ಕಾಡಿನ ಒಂದು ನೇರಳೆ ಬಣ್ಣದ ಹೂವನ್ನು ನೋಡಿ, ಯಾಕೋ ಮನಸ್ಸು ಸೆಳೆಯಿತು ಅಂತ ಬರೆದ. ಹಳೆಯ ಸಂಪ್ರದಾಯ ಬಲ್ಲವರೊಬ್ಬರು ಅದಕ್ಕೂ ಆಕ್ಷೇಪ ಎತ್ತಿದರು. ಆ ಹೂವನ್ನು ಬೆಟ್ಟದಲ್ಲಿ ಇಟ್ಟು ಹಾಡುವ ಪದ್ಧತಿ ಇಲ್ಲವಂತೆ! ಹೂ ಬೆಟ್ಟದಲ್ಲಿ ಇತ್ತು, ಬಾಶೋ ನೋಡಿದ, ಬರೆದ. ನನಗೆ ಹಾಯ್ಕು ಹಿಡಿಸಿದ್ದು ಈ ಧೈರ್ಯಕ್ಕೆ.

ಜಪಾನಿನವರ ಹತ್ತಿರ ಸೈಜಿಕಿ ಅಂತ ಒಂದು ಬಗೆಯ ಪುಸ್ತಕ ಇರುತ್ತದೆ. ಯಾವ ಋತುವಿಗೆ ಯಾವ ಮಾತು ಅಂತ ಹೇಳುವ ಕೋಶ. ಅದರಲ್ಲಿ ಚೆರ್ರಿ ಇದೆ, ಸೇವಂತಿಗೆ ಇದೆ, ಅದರಲ್ಲಿ ಆಶ್ಚರ್ಯ ಏನೂ ಇಲ್ಲ. ಆದರೆ ಬೇಸಿಗೆಯ ಭಾಗದಲ್ಲಿ ಎಲೆ ಉಜ್ಜಿದರೆ ಮೂಗು ಮುಚ್ಚಿಕೊಳ್ಳಬೇಕಾದ ಒಂದು ಬಳ್ಳಿಯೂ ಇದೆ. ಅದರ ಹೆಸರು ಹೆಕುಸೊಕಝುರಾ. ಜನ ಇಟ್ಟ ಹೆಸರು ಎಷ್ಟು ಒರಟು ಅಂದರೆ ಇಲ್ಲಿ ಬಿಡಿಸಿ ಹೇಳಲಾರೆ. ಹೂ ನೋಡಬೇಕು ನೀನು. ಹೊರಗೆ ಬಿಳಿ, ಗಂಟಲಿನಲ್ಲಿ ಕಡುಗೆಂಪು. ದುರ್ವಾಸನೆಯ ಬಳ್ಳಿಗೂ ಕವಿತೆಯಲ್ಲಿ ಒಂದು ಋತು ಮೀಸಲಿಟ್ಟವರ ಮೇಲೆ ನನಗೆ ಬಹಳ ಗೌರವ.

ಇನ್ನೊಂದು ಹೇಳುತ್ತೇನೆ. ಆಕ್ಸಾಲಿಸ್ ಅಂತಾರಲ್ಲ, ಕುಂಡದ ಮೂಲೆಯಲ್ಲಿ, ಕಲ್ಲಿನ ಸಂದಿಯಲ್ಲಿ ಬರುವ ಪುಟ್ಟ ಹಳದಿ ಹೂವಿನ ಗಿಡ. ಒಂದು ತೊಟ್ಟಿಗೆ ಹೃದಯದ ಆಕಾರದ ಮೂರು ಎಲೆ. ಕತ್ತಲಾದರೆ ಎಲೆ ಮಡಚಿಕೊಳ್ಳುತ್ತದೆ. ಬಲಿತ ಕಾಯಿ ಮುಟ್ಟಿದರೆ ಸಿಡಿದು ಬೀಜ ಎರಚುತ್ತದೆ. ಕಿತ್ತಷ್ಟೂ ಬರುವ ಈ ಗಿಡದ ಎಲೆಯನ್ನು ಜಪಾನಿನ ಎಷ್ಟೋ ಮನೆತನಗಳು ತಮ್ಮ ಲಾಂಛನ ಮಾಡಿಕೊಂಡಿವೆ. ವಂಶ ಇದರ ಹಾಗೆ ಉಳಿಯಲಿ ಅನ್ನುವ ಆಸೆ.

ಹಾಯ್ಕು ಬರೆಯಲು ಕೂತರೆ ಏನಾಗುತ್ತದೆ ಗೊತ್ತಾ? "ಸುಂದರ" ಅಂತ ಬರೆಯಲು ಅಲ್ಲಿ ಜಾಗವೇ ಇರುವುದಿಲ್ಲ. ಇರುವುದು ಮೂರು ಸಾಲು. ಸುಂದರ ಅಂದರೆ ಒಂದು ಸಾಲು ಹಾಳು. ಹಾಗಾಗಿ ಏನು ಕಂಡೆ ಅನ್ನುವುದನ್ನೇ ಹುಡುಕಬೇಕು. ಹುಡುಕಲು ನೋಡಬೇಕು. ದಾರಿಬದಿಯ ಟ್ರೈಡಾಕ್ಸ್ ಹೂವಿನ ಬಿಳಿ ಎಸಳಿನ ತುದಿಯಲ್ಲಿ ಮೂರು ಹಲ್ಲು ಇರುತ್ತವೆ ಅಂತ ನನಗೆ ಗೊತ್ತಾದದ್ದು ಹೀಗೇ. ನಾವು ಒಂದು ಹೂ ಅಂದುಕೊಳ್ಳುವುದು ಅಸಲಿಗೆ ಒಂದು ಗೊಂಚಲು. ನಡುವಿನ ಹಳದಿಯಲ್ಲಿ ಹತ್ತಾರು ಸಣ್ಣ ಹೂಗಳು, ಅಂಚಿನ ಒಂದೊಂದು ಬಿಳಿ ಎಸಳೂ ಒಂದೊಂದು ಹೂ. ಇಷ್ಟು ಗೊತ್ತಾದ ಮೇಲೆ ಅದರ ಮೇಲೆ ಕಾಲಿಡುವುದು ಕಷ್ಟ.

ಕನ್ನೆಸೊಪ್ಪಿನ ಸಂಗತಿ ಇನ್ನೂ ಚೆನ್ನ. ಬೆಳಗ್ಗೆ ನೀಲಿ ಹೂ ಬಿಡುತ್ತದೆ, ಬಿಸಿಲೇರುವ ಹೊತ್ತಿಗೆ ಮುದುಡಿರುತ್ತದೆ. ಇದು ಮಣ್ಣಿನ ಮೇಲಿನ ಕಥೆ. ಇದೇ ಗಿಡ ಮಣ್ಣಿನ ಕೆಳಗೂ ಹೂ ಬಿಡುತ್ತದೆ! ಆ ಹೂ ಅರಳುವುದಿಲ್ಲ. ಮುಚ್ಚಿಕೊಂಡೇ ತನ್ನೊಳಗೇ ಪರಾಗ ಸೇರಿಸಿಕೊಂಡು ಬೀಜ ಕಟ್ಟುತ್ತದೆ. ದುಂಬಿ ಬೇಡ, ಬೆಳಕು ಬೇಡ. ಇದನ್ನು ಓದಿದ ದಿನ ನಾನು ತುಂಬ ಹೊತ್ತು ಬೇರೇನೂ ಮಾಡಲಿಲ್ಲ. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಹಾಗಂತ ಎಲ್ಲ ಕಳೆಯನ್ನೂ ಮುದ್ದು ಮಾಡು ಅಂತ ಹೇಳುತ್ತಿಲ್ಲ. ಪಾರ್ಥೇನಿಯಂ ಹೂವಿನ ಬಿಳಿ ಚುಕ್ಕೆಗಳೂ ಕಣ್ಣಿಗೆ ಚೆನ್ನಾಗಿಯೇ ಇವೆ. ಆದರೆ ಒಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ, ಚರ್ಮಕ್ಕೂ ಉಸಿರಿಗೂ ತೊಂದರೆ ಕೊಡುತ್ತದೆ. ಅದನ್ನು ಕೀಳಲೇಬೇಕು, ಕೈಗವಸು ಹಾಕಿಕೊಂಡು, ಹೂ ಬಿಡುವ ಮೊದಲೇ. ಸೈಜಿಕಿಯಲ್ಲಿ ಕಳೆ ಕೀಳುವ ಕೆಲಸಕ್ಕೂ ಬೇಸಿಗೆಯ ಮಾತುಗಳ ನಡುವೆ ಜಾಗ ಇದೆ. ನೋಡುವುದೂ ಕವಿತೆ, ಕೀಳುವುದೂ ಕವಿತೆ. ಯಾವುದು ಕಳೆ ಅನ್ನುವುದು ಊರಿಂದ ಊರಿಗೆ ಬದಲಾಗುತ್ತದೆ ಬೇರೆ. ಜಪಾನಿನ ಬಿಳಿ ಕಾಡುಗುಲಾಬಿಯನ್ನು ಅಮೆರಿಕಕ್ಕೆ ಒಯ್ದು ಮಣ್ಣು ಕೊಚ್ಚಿಹೋಗದಿರಲಿ ಅಂತ, ಬೇಲಿಗಾಗಲಿ ಅಂತ ನೆಟ್ಟರು. ಈಗ ಅಲ್ಲಿಯ ಹಲವು ರಾಜ್ಯಗಳಲ್ಲಿ ಅದು ಹತೋಟಿಗೆ ಸಿಗದ ಕಳೆ. ಈ ಕಾಡುಗುಲಾಬಿಯನ್ನು ನೆನಪಿಟ್ಟುಕೋ.

ನಿನಗೆ ಕೊಡಬೇಕು ಅಂದುಕೊಂಡಿದ್ದ ಉತ್ತರ ಇಷ್ಟೇ. ಸಣ್ಣ ಹೂ, ಸಣ್ಣ ಪದ್ಯ, ಬಗ್ಗಿ ನೋಡುವ ಖುಷಿ. ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಬರೆಯುತ್ತಾ ಬರೆಯುತ್ತಾ ಇನ್ನೊಂದು ಉತ್ತರ ಕೆಳಗಿನಿಂದ ಬರುತ್ತಿದೆ.

ಅಕ್ಕ ಹೋದ ಮೇಲೆ ನೀನು ಬಿಡದೆ ಕೇಳುತ್ತಿದ್ದೆ, "ಹೇಗಿದ್ದೀಯಾ?" ಅಂತ. ಪ್ರತಿ ಸಲ ನಾನು ಒಂದು ಹೂ ಕಳಿಸಿದೆ. ಮೂರು ಸಾಲಿನ ಹೂ. ನೀನು "ಚೆನ್ನಾಗಿದೆ ಕಣೋ" ಅಂತ ಬರೆಯುತ್ತಿದ್ದೆ, ನಾನು ಪಾರಾಗುತ್ತಿದ್ದೆ. ಆ ದಿನಗಳಲ್ಲಿ ಬರೆದದ್ದರಲ್ಲಿ ಇದು ನಿನಗೆ ನೆನಪಿರಬಹುದು:

ಬೀಗದ ಗೇಟು
ಒಳಹೊರಗೂ ಒಂದೇ
ಹಳದಿ ಹೂವು

ಓದಿದವರೆಲ್ಲ ಮೆಚ್ಚಿಕೊಂಡರು. ಅದು ಅಕ್ಕನ ಮನೆಯ ಗೇಟು ಅಂತ ನಾನು ಯಾರಿಗೂ ಹೇಳಲಿಲ್ಲ. ನಿನಗೂ.

ಅಲ್ಲಿದ್ದ ಗುಲಾಬಿಯೆಲ್ಲ ಅವಳು ನೆಟ್ಟದ್ದು. ದಾಸವಾಳ ಅವಳು ಕೊಂಬೆ ಮುರಿದು ತಂದು ಊರಿದ್ದು. ಯಾವ ಗಿಡದ ಮುಂದೆ ನಿಂತರೂ ಅವಳ ಕೈ ಕಾಣುತ್ತಿತ್ತು, ಮಣ್ಣು ಮೆತ್ತಿದ ಉಗುರು ಕಾಣುತ್ತಿತ್ತು, ನೀರು ಜಾಸ್ತಿ ಹಾಕಬೇಡ ಅಂತ ಗದರಿದ್ದು ಕೇಳುತ್ತಿತ್ತು. ನಿಲ್ಲಲು ಆಗುತ್ತಿರಲಿಲ್ಲ ನನಗೆ. ಕಳೆಗಿಡದ ಮುಂದೆ ಮಾತ್ರ ನಿಲ್ಲಬಹುದಿತ್ತು. ಅದನ್ನು ಯಾರೂ ನೆಟ್ಟಿರಲಿಲ್ಲ. ಅದರಲ್ಲಿ ಯಾರ ನೆನಪೂ ಇರಲಿಲ್ಲ.

ಯಾಕೆ ಕಳೆಗಿಡ ಅಂತ ಕೇಳಿದೆಯಲ್ಲ, ಇದಕ್ಕೆ ಕಣೋ.

ಹಾಯ್ಕುವಿನಲ್ಲಿ "ನಾನು" ಇರಬಾರದು, ಭಾವನೆಯನ್ನು ಬಾಯಿಬಿಟ್ಟು ಹೇಳಬಾರದು ಅಂತ ಎಲ್ಲೆಲ್ಲೂ ಓದಿದ್ದೆ. ಆ ನಿಯಮ ನನಗೆ ಎಷ್ಟು ಆಸರೆಯಾಯಿತು ಅಂದರೆ, ಅದರ ಹಿಂದೆ ಮನೆ ಮಾಡಿಕೊಂಡು ಕೂತುಬಿಟ್ಟೆ. ಮಣ್ಣಿನೊಳಗೆ ಮುಚ್ಚಿಕೊಂಡೇ ಬೀಜ ಕಟ್ಟುವ ಆ ಹೂವಿನ ಬಗ್ಗೆ ಓದಿದಾಗ ಖುಷಿಯಾದದ್ದು ನಿಜ. ಇದು ನನ್ನ ಗಿಡ ಅನ್ನಿಸಿತು. ಹಾಗೆ ಅನ್ನಿಸಿದ್ದೇ ಆಮೇಲೆ ದಿಗಿಲು ಹುಟ್ಟಿಸಿತು. ಯಾಕೆಂದರೆ ಆ ಗಿಡ ಮಣ್ಣಿನ ಮೇಲೂ ಹೂ ಬಿಡುತ್ತದೆ. ನಾನು ಕೆಳಗಿನದನ್ನು ಮಾತ್ರ ಇಟ್ಟುಕೊಂಡಿದ್ದೆ.

ಅಷ್ಟರಲ್ಲಿ ಬುಸೋನ್ ಸಿಕ್ಕ. 1716ರಿಂದ 1784ರವರೆಗೆ ಬದುಕಿದ್ದ, ಚಿತ್ರಕಾರನೂ ಆಗಿದ್ದ ಕವಿ. ಅವನ ಒಂದು ಹಾಯ್ಕುವಿನ ಹುರುಳು ಹೀಗಿದೆ: ದುಃಖಪಡುತ್ತಾ ಗುಡ್ಡ ಹತ್ತಿದರೆ, ಅಲ್ಲಿ ಕಾಡುಗುಲಾಬಿ ಅರಳಿದೆ. ಮೊದಲೂ ಓದಿದ್ದೆ, ಆಗ ನನ್ನ ಕಣ್ಣು ನೇರ ಹೂವಿಗೆ ಹೋಗಿತ್ತು. ಈ ಸಲ ಮೊದಲ ಮಾತಿನಲ್ಲೇ ನಿಂತಿತು. ದುಃಖವನ್ನು ಅವನು ಬಾಗಿಲಲ್ಲಿ ಬಿಟ್ಟು ಬಂದಿಲ್ಲ. ಅದರಿಂದಲೇ ಶುರು ಮಾಡಿದ್ದಾನೆ. ಏನು ದುಃಖ ಅಂತ ಹೇಳಿಲ್ಲ, ಇದೆ ಅಂತ ಹೇಳಿದ್ದಾನೆ. ಹೂ ಅದನ್ನು ವಾಸಿ ಮಾಡಿತು ಅಂತಲೂ ಹೇಳಿಲ್ಲ. ಎರಡೂ ಒಂದೇ ಗುಡ್ಡದ ಮೇಲೆ ಇವೆ, ಅಷ್ಟೇ.

ಶಿಕಿ ಅನ್ನುವ ಕವಿ ಕೂಡ ಹಾಗೆಯೇ. ಈ ಬಗೆಯ ಪದ್ಯಕ್ಕೆ ಹಾಯ್ಕು ಅನ್ನುವ ಹೆಸರನ್ನು ನೆಲೆಗೊಳಿಸಿದವನೇ ಅವನು. ಕಂಡದ್ದನ್ನು ಕಂಡ ಹಾಗೆ ಬರೆಯಬೇಕು ಅಂತ ಹಟ ಹಿಡಿದವನೂ ಅವನೇ. ಬೆನ್ನುಮೂಳೆಯ ಕ್ಷಯದಿಂದ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದ. 1902ರ ಸೆಪ್ಟೆಂಬರ್‌ನಲ್ಲಿ, 35 ತುಂಬುವ ಮೊದಲೇ ಹೋದ. ಸಾಯುವ ಹಿಂದಿನ ದಿನ ಬರೆದ ಪದ್ಯದಲ್ಲಿ ಹೀರೆಯ ಜಾತಿಯ ಒಂದು ಬಳ್ಳಿಯ ಹೂ ಇದೆ, ಕಫ ಕಟ್ಟಿ ಹೋದ ತನ್ನದೇ ದೇಹವೂ ಇದೆ. ಹೂವಿನ ಪಕ್ಕದಲ್ಲಿ ತನ್ನ ಕಫ! ಅವನಿಗೆ ಅದು ಬೇರೆ ಬೇರೆ ಅನ್ನಿಸಲಿಲ್ಲ.

ಇದಾದ ಕೆಲವು ದಿನಕ್ಕೆ ಕಪಾಟಿನಲ್ಲಿ ಅಕ್ಕನ ಶಾಲು ಸಿಕ್ಕಿತು. ಒಗೆದಿರಲಿಲ್ಲ. ಮಡಿಕೆ ಬಿಚ್ಚಿದರೆ ಅಂಚಿನ ತುಂಬ ಉತ್ತರಾಣಿ ಬೀಜ. ಉತ್ತರಾಣಿ ಗೊತ್ತಲ್ಲ, ಕಡ್ಡಿಯ ಉದ್ದಕ್ಕೂ ಕೆಳಮುಖವಾಗಿ ಅಂಟಿಕೊಂಡ ಚೂಪು ಬೀಜಗಳು, ಹತ್ತಿರ ಹೋದವರ ಬಟ್ಟೆ ಹಿಡಿದು ಪ್ರಯಾಣ ಮಾಡುವ ಗಿಡ. ಅವಳು ಯಾವತ್ತೋ, ಎಲ್ಲೋ, ಅದರ ಪಕ್ಕ ನಡೆದಿದ್ದಾಳೆ. ಯಾರ ನೆನಪೂ ಇಲ್ಲ ಅಂತ ನಾನು ನಂಬಿಕೊಂಡಿದ್ದ ಗಿಡಗಳ ಸಾಲಿನದು ಅದು. ನನಗೆ ಆಗ ಅಳು ಬಂತು. ಅವಳು ಹೋದ ದಿನವೂ ಬಂದಿರಲಿಲ್ಲ. ಇದನ್ನು ಇಲ್ಲಿ, ಇಷ್ಟು ಜನರ ಮುಂದೆ ಬರೆಯುತ್ತೇನೆ ಅಂತ ಪತ್ರ ಶುರು ಮಾಡುವಾಗ ಅಂದುಕೊಂಡಿರಲಿಲ್ಲ. ಬಂದದ್ದು ಬಂದಿದೆ, ಇರಲಿ.

ಅಕ್ಕನ ಶಾಲು
ಅಂಚಿಗಿನ್ನೂ ಅಂಟಿದೆ
ಉತ್ತರಾಣಿ ಬೀಜ

ಕೊನೆಯ ಸಾಲಿನಲ್ಲಿ ಒಂದು ಅಕ್ಷರ ಜಾಸ್ತಿ ಇದೆ. "ಹುಲ್ಲಿನ ಬೀಜ" ಅಂದಿದ್ದರೆ ಲೆಕ್ಕ ಸರಿಹೋಗುತ್ತಿತ್ತು. ಆದರೆ ಅಲ್ಲಿದ್ದದ್ದು ಉತ್ತರಾಣಿ. ನೀನು ಬೆರಳು ಮಡಚಿ ಎಣಿಸುತ್ತಾ ಕೂರುವವನು ಅಂತ ಗೊತ್ತು, ಈ ಸಲ ಬಿಟ್ಟುಬಿಡು. ಹೇಗೂ ಜಪಾನಿನವರು ಎಣಿಸುವ ಅಳತೆಗೂ ನಮ್ಮ ಅಕ್ಷರದ ಅಳತೆಗೂ ಪೂರ್ತಿ ಹೊಂದಿಕೆ ಇಲ್ಲ.

ಸರಿ, ಈಗ ನಿನ್ನ ಸರದಿ. ನಿನ್ನ ಮನೆಯ ಹಿಂದಿನ ಆ ಖಾಲಿ ಜಾಗದಲ್ಲಿ ಏನೂ ಇಲ್ಲ ಅಂತ ನೀನು ಹೇಳಿದ್ದನ್ನು ನಾನು ಒಂದು ಕ್ಷಣವೂ ನಂಬಿಲ್ಲ. ಬೆಳಗ್ಗೆಯೇ ಹೋಗು, ನೀಲಿ ಹೂ ಮುದುಡುವ ಮೊದಲು. ಕೂತು ನೋಡು, ನಿಂತರೆ ಕಾಣುವುದು ಬರೀ ಹಸಿರು. ಹೆಸರು ಗೊತ್ತಿಲ್ಲದಿದ್ದರೆ ಎಲೆ ಎಣಿಸು, ಎಸಳು ಎಣಿಸು, ಯಾವ ಇರುವೆ ಎಲ್ಲಿಗೆ ಹೋಗುತ್ತಿದೆ ನೋಡು. ಕಂಡದ್ದನ್ನು ಬರಿ. ಆಮೇಲೆ, ಮನಸ್ಸು ಬಂದರೆ, ಯಾಕೆ ಅದನ್ನೇ ಕಂಡೆ ಅಂತ ನನಗೊಬ್ಬನಿಗೇ ಹೇಳು. ಮುಟ್ಟಿದರೆ ಮುನಿ ಸಿಕ್ಕರೆ ಮಾತ್ರ ಆ ಹಳೆಯ ಪ್ರತಿಜ್ಞೆ ನೆನಪಿರಲಿ. ಬೆರಳು ದೂರ!

ಭಾನುವಾರ ಸಂಜೆ ಫೋನ್ ಮಾಡುತ್ತೇನೆ. ಅತ್ತೆಯ ಗಡಿಯಾರ ಮತ್ತೆ ನಿಂತುಹೋಗಿತ್ತು ಅಂತ ನೆಪ ಹೇಳದೆ ಎತ್ತು.

ನಿನ್ನವನೇ